ಕರಿಯ ಉಡುಪೂ ನಗರದ ರಾತ್ರಿಯೂ

ಹಿರೇಹಳ್ಳಿಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವ ತರುಣ ತರುಣಿಯರು ಕಮರ್ಷಿಯಲ್ ಬೀದಿಯಲ್ಲಿ ಕರಿಯ ಉಡುಪು, ಸರಪಳಿಗಳನ್ನು ಕೊಂಡು, ಬ್ರಿಗೇಡ್ ರಸ್ತೆಯಲ್ಲಿ ರಾತ್ರಿ ಕಳೆಯುವುದು ಹಿರಿಯರಿಗೆ ರುಚಿಸದು. ಗಾಥಿಕ್ ಎಂಬ ಈ ವೇಷಕ್ಕೆ 1982ರಲ್ಲಿ ತೆರೆದ ಲಂಡನ್ನಿನ ಬ್ಯಾಟ್‌ಕೇವ್ ಕ್ಲಬ್ಬು ಪ್ರಸಿದ್ಧಿ ತಂದಿತೆಂಬುದು ದಿಟ. ಆದರೆ ಕಪ್ಪು ಬಣ್ಣವೇ ಪರಕೀಯವೆನ್ನುವವರು ನಮ್ಮ ಕುರುಬರ ಕರಿಕಂಬಳಿಯನ್ನು ಮರೆತರೇ? ಬೆಲೆಯ ವಿಷಯದಲ್ಲಿ ಮಾತ್ರ ಹಿರಿಯರ ಆಕ್ಷೇಪಣೆಗೆ ನಮ್ಮ ಸಮ್ಮತಿಯುಂಟು.

2016ರ ಡಿಸೆಂಬರ್ 31ರ ರಾತ್ರಿ ಅದೇ ಬ್ರಿಗೇಡ್ ರಸ್ತೆಯ ಆಸುಪಾಸಿನಲ್ಲಿ ಸ್ತ್ರೀಯರ ಮೇಲೆ ದೌರ್ಜನ್ಯ ನಡೆದಾಗ, ಆಗಿನ ಗೃಹಮಂತ್ರಿಗಳೂ ತುಮಕೂರಿನವರೇ ಆದ ಶ್ರೀ ಜಿ. ಪರಮೇಶ್ವರರು ಪಾಶ್ಚಾತ್ಯ ಉಡುಪಿನ ಮಾತೆತ್ತಿದರು. ಉಡುಪು ಯಾರ ಮೇಲೂ ಕೈಮಾಡಲಿಲ್ಲವಷ್ಟೆ! ಅಧಿಕಾರಿಗಳು ಅಂಗಿಯ ಬಣ್ಣ ನೋಡುವುದನ್ನು ಬಿಟ್ಟು, ಬೀದಿಗೆ ದೀಪವನ್ನೂ ಪೊಲೀಸ್ ಪಹರೆಯನ್ನೂ, ಅಪರಾತ್ರಿಯಲ್ಲಿ ಊರಿಗೆ ಮರಳುವವರಿಗೆ ನಂಬಬಹುದಾದ ಬಸ್ಸನ್ನೂ ಒದಗಿಸಬೇಕೆಂದು ನಾವು ಕೇಳುತ್ತೇವೆ.