ಹೆಸರು ಇಂಡಿಕಾ, ಊರು ಯಾವುದು?



ಈ ಸಲ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಕಳೆದ ಬೇಸಿಗೆಯಲ್ಲಿ ದಾವಣಗೆರೆಯಿಂದ ನಮ್ಮ ಮಾವನವರು ಟೊರಾಂಟೋಗೆ ಬಂದಿದ್ದರು. ವಯಸ್ಸು 74. ಬಂದು ವಾರ ಕಳೆದರೂ ರಾತ್ರಿ ನಿದ್ದೆಯಿಲ್ಲ. ಆಫೀಸಿನ ಗೆಳೆಯನೊಬ್ಬ, "ಇಂಡಿಕಾ ಗಮ್ಮಿ ಕೊಡಿ, ಗೊರಕೆ ಹೊಡೆಯುತ್ತಾರೆ" ಎಂದ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಮಾರಾಟ ಕಾನೂನುಬದ್ಧ. ಅಂಗಡಿಗೆ ಹೋದೆ. ಡಬ್ಬಿಯ ಮೇಲೆ 'ಇಂಡಿಕಾ' ಎಂದು ಕಂಡಿತು. ಇಂಡಿಕಾ ಅಂದರೆ ಇಂಡಿಯಾದ್ದು, ಅಂದರೆ ನಮ್ಮದೇ! ನಮ್ಮ ಕಡೆಯ ಭಂಗಿ ಸೊಪ್ಪಿನ ತಂಗಿ ಇರಬೇಕು ಎಂದುಕೊಂಡು ತಂದೇಬಿಟ್ಟೆ.

ಏನೆಂದು ತಿಳಿಸಿಯೇ ಮಾವನವರಿಗೆ ಒಂದು ಕೊಟ್ಟೆ. ಮುಕ್ಕಾಲು ಗಂಟೆ ಕಳೆದರೂ ಏನೂ ಆಗಲಿಲ್ಲ. "ಇದು ಬರೀ ಪೆಪ್ಪರ್‌ಮೆಂಟು ಕಣಪ್ಪ" ಎಂದು ನಗುತ್ತಾ ಇನ್ನೊಂದನ್ನೂ ತಿಂದರು. ಮಧ್ಯರಾತ್ರಿ ಎದೆ ಡವಡವ, ತಲೆಸುತ್ತು. ಬಚ್ಚಲಿಗೆ ಹೋಗುವಾಗ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆಸ್ಪತ್ರೆಯ ಡಾಕ್ಟರು ಇಂಡಿಕಾನೋ ಇನ್ನೊಂದೋ ಎಂದು ಕೇಳಲೇ ಇಲ್ಲ. ಎಷ್ಟು ಮಿಲಿಗ್ರಾಂ? ಎಷ್ಟು ಹೊತ್ತಿಗೆ? ಬಿ.ಪಿ.ಗೆ ಯಾವ ಮಾತ್ರೆ? ಇಷ್ಟೇ ಅವರ ಪ್ರಶ್ನೆ.

ಅಂದಿನಿಂದ ಈ ಹೆಸರಿನ ಬೆನ್ನು ಹತ್ತಿದೆ. 1753ರಲ್ಲಿ ಲಿನೇಯಸ್ ಈ ಗಿಡವನ್ನು 'ಕ್ಯಾನಬಿಸ್ ಸಟೈವಾ' ಎಂದು ಕರೆದ. 1785ರಲ್ಲಿ ಫ್ರಾನ್ಸಿನ ಲಮಾರ್ಕ್, ಭಾರತದಿಂದ ಬಂದ ಗಿಡ ನೋಡಿ, ಇದು ಬೇರೆಯೇ ಎಂದು 'ಇಂಡಿಕಾ' ಎಂಬ ಹೆಸರಿಟ್ಟ. ಅವನು ಬಣ್ಣಿಸಿದ್ದು ಕಿರಿದಾದ ಎಲೆಯ ಗಿಡವನ್ನು. ಆದರೆ ಇಂದು ಅಂಗಡಿಯವರು ಇಂಡಿಕಾ ಎನ್ನುವುದು ಅಗಲ ಎಲೆಯ ಗಿಡ್ಡ ಗಿಡಕ್ಕೆ. ಅದರ ತವರು ಆಫ್ಘಾನಿಸ್ತಾನದ ಹಿಂದೂಕುಶ್ ಸೀಮೆ. 1970ರ ದಶಕದಲ್ಲಿ ಹಾರ್ವರ್ಡ್‌ನ ಸಸ್ಯವಿಜ್ಞಾನಿ ರಿಚರ್ಡ್ ಇವಾನ್ಸ್ ಶುಲ್ಟೆಸ್ ಆ ಗಿಡಗಳನ್ನು ಇಂಡಿಕಾ ಎಂದು ಗುರುತಿಸಿದ ಮೇಲೆ ಹೆಸರು ಅಲ್ಲಿಗೇ ಅಂಟಿಕೊಂಡಿತು. ನಾನು 'ನಮ್ಮದು' ಎಂದು ಬೀಗಿದ್ದು ಕಾಬೂಲಿನ ಸರಕಿಗೆ!

ಇಂಡಿಕಾ ಪ್ರಧಾನ ತಳಿಗಳಲ್ಲಿ ಹೆಸರುವಾಸಿಯಾದ 'ನಾರ್ದರ್ನ್ ಲೈಟ್ಸ್' ಅನ್ನೇ ನೋಡಿ. ಆಫ್ಘನ್ ಮೂಲಕ್ಕೆ ಥಾಯ್ ತಳಿ ಬೆರೆತದ್ದು ಎನ್ನುತ್ತಾರೆ. ಗಿಡ್ಡ ಪೊದೆ, ಅಗಲವಾದ ಎಲೆ, ಒತ್ತಾದ ಅಂಟಂಟು ಹೂಗೊಂಚಲು, ಹೂ ಬಿಡತೊಡಗಿ ಎಂಟು ವಾರದ ಆಸುಪಾಸಿನಲ್ಲಿ ಕೊಯ್ಲು. ಕೋಣೆಯೊಳಗೆ ದೀಪದಡಿ ಬೆಳೆಯುವವನಿಗೆ ಇವೆಲ್ಲ ದೊಡ್ಡ ಅನುಕೂಲ. ಆದರೆ ಗಿಡ ಗಿಡ್ಡಗಿದ್ದ ಮಾತ್ರಕ್ಕೆ ತಿಂದವನಿಗೆ ನಿದ್ದೆ ಬಂದೀತೇ? ಕೆನಡಾದ ಡಾಲ್‌ಹೌಸೀ ವಿಶ್ವವಿದ್ಯಾಲಯದ ಸಂಶೋಧಕರು ನೂರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿ 2021ರಲ್ಲಿ ವರದಿ ಕೊಟ್ಟರು. ಇಂಡಿಕಾ, ಸಟೈವಾ ಎಂಬ ಚೀಟಿಗೂ ಗಿಡದ ವಂಶವಾಹಿಗೂ ಹೆಚ್ಚಿನ ನಂಟು ಕಾಣಲಿಲ್ಲ. ಚೀಟಿಗೆ ತಾಳೆಯಾದದ್ದು ವಾಸನೆ ಕೊಡುವ ಕೆಲವೇ ಅಂಶಗಳು. ಇಂಡಿಕಾ ಎಂದು ಮಾರುವುದರಲ್ಲಿ ಮೈರ್ಸಿನ್ ಹೆಚ್ಚು. ಅದು ಮಾವಿನಹಣ್ಣಿನಲ್ಲೂ ಇದೆ.

ಹಾಗಾದರೆ ಡಬ್ಬಿಯಲ್ಲಿ ಓದಬೇಕಾದ್ದು ಏನು? ಅಮಲೇರಿಸುವ ಟಿಎಚ್‌ಸಿ ಎಷ್ಟು ಮಿಲಿಗ್ರಾಂ, ಸಿಬಿಡಿ ಎಷ್ಟು ಎಂಬುದು. ಕೆನಡಾದಲ್ಲಿ ತಿನ್ನುವ ಸರಕಿನ ಒಂದು ಪೊಟ್ಟಣಕ್ಕೆ ಟಿಎಚ್‌ಸಿ ಮಿತಿ 10 ಮಿಲಿಗ್ರಾಂ. ಹೊಸಬರು 2.5ಕ್ಕಿಂತ ಹೆಚ್ಚು ತಿನ್ನಬಾರದು ಎಂಬುದು ಸರ್ಕಾರದ ಸಲಹೆ. ನಮ್ಮ ಮಾವ ತಿಂದದ್ದು ಐದೈದರಂತೆ ಎರಡು! ಸೇದಿದ್ದು ನಿಮಿಷಗಳಲ್ಲಿ ಏರಿದರೆ, ತಿಂದದ್ದು ಹೊಟ್ಟೆ, ಪಿತ್ತಜನಕಾಂಗ ದಾಟಿ ಏರಲು ಎರಡು ಗಂಟೆಯೂ ಹಿಡಿಯಬಹುದು. ಹನ್ನೆರಡು ಗಂಟೆ ಉಳಿಯಲೂಬಹುದು. 'ಏರಲಿಲ್ಲ' ಎಂದು ಎರಡನೆಯದು ತಿನ್ನುವುದೇ ಅನಾಹುತಕ್ಕೆ ದಾರಿ. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಮಾತ್ರೆಗಳ ಜೊತೆ ಸಿಬಿಡಿ ಸೇರಿದರೆ ಅಪಾಯವೂ ಉಂಟು. ವೈದ್ಯರನ್ನು ಕೇಳದೆ ಹಿರಿಯರಿಗೆ ಕೊಡಲೇಬೇಡಿ.

ಇನ್ನೊಂದು ಮಾತು. ಉಳಿದ ಡಬ್ಬಿಯನ್ನು ಊರಿಗೆ ಹೋಗುವವರ ಸೂಟ್‌ಕೇಸಿಗೆ ಸೇರಿಸಬೇಡಿ. ಕೆನಡಾದ ಗಡಿ ದಾಟಿಸುವುದೂ ಅಪರಾಧ. ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಗೆ ಟೊರಾಂಟೋದ ರಸೀದಿ ಲೆಕ್ಕಕ್ಕಿಲ್ಲ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವವರು ಏನೂ ಅರಿಯದ ನಿಮ್ಮ ತಂದೆ ತಾಯಿ!

ಬೆಳ್ಳಗಿರುವುದೆಲ್ಲ ಹಾಲಲ್ಲ. ಪರದೇಶದ ಅಂಗಡಿಯಲ್ಲಿ ನಮ್ಮ ನಾಡಿನ ಹೆಸರು ಕಂಡೊಡನೆ ಕರಗುವ ಮನಸ್ಸು ನಮ್ಮೆಲ್ಲರದ್ದು. ಆ ಅಭಿಮಾನ ಇರಲಿ, ಆದರೆ ಹೆಸರಿನ ಕೆಳಗಿನ ಸಣ್ಣ ಅಕ್ಷರಗಳನ್ನೂ ಓದೋಣ.

ಅಂದಹಾಗೆ, ಮಾವನವರ ಮಧ್ಯಾಹ್ನದ ನಿದ್ದೆ ಬಿಡಿಸಿ, ಸಂಜೆ ಪಾರ್ಕಿನಲ್ಲಿ ಒಂದು ಗಂಟೆ ನಡೆಸಿದೆವು. ನಾಲ್ಕನೇ ರಾತ್ರಿ ಗೊರಕೆ ಕೇಳಿಸಿತು!

ನಿಮ್ಮವ,
ಟೊರಾಂಟೋದಿಂದ