ಕರುಳಿಗೂ ಕಾಲದ ಗಡುವುಂಟು

2015ರ ಜುಲೈ ತಿಂಗಳಿನಲ್ಲಿ ದಾನಿಯೊಬ್ಬರ ಹೃದಯವು ನೌಕಾಪಡೆಯ ಡಾರ್ನಿಯರ್ ವಿಮಾನದಲ್ಲಿ ತಿರುವನಂತಪುರದಿಂದ ಕೊಚ್ಚಿಗೆ ಬಂದು, ಲಿಸಿ ಆಸ್ಪತ್ರೆಯ ರೋಗಿಯೊಬ್ಬರ ಎದೆಯಲ್ಲಿ ಮತ್ತೆ ಮಿಡಿಯಿತು. ರಕ್ತಸಂಚಾರ ನಿಂತ ಅಂಗಕ್ಕೆ ಪ್ರತಿ ನಿಮಿಷವೂ ಅಮೂಲ್ಯವೆಂಬ ಅರಿವೇ ಆ ತ್ವರೆಗೆ ಕಾರಣ. ಹೃದಯಕ್ಕೆ ಸಂದ ಈ ತ್ವರೆಯು ಕರುಳಿಗೂ ಸಲ್ಲಬೇಕಾದುದು ನ್ಯಾಯ.

ಹೃದಯದ ಬಡಿತವು ಕ್ರಮ ತಪ್ಪಿದಾಗ, ಅದರೊಳಗೆ ಹೆಪ್ಪುಗಟ್ಟಿದ ರಕ್ತದ ತುಣುಕೊಂದು ಹರಿದುಹೋಗಿ ಕರುಳಿನ ಮುಖ್ಯ ಧಮನಿಯನ್ನು ಮುಚ್ಚಬಹುದು. ಮೊದಮೊದಲು ಹೊಟ್ಟೆಯು ಮುಟ್ಟಿದರೆ ಮೃದುವಾಗಿಯೇ ಇರುತ್ತದೆ. ನೋವು ಮಾತ್ರ ಅಸಹನೀಯ. ‘ವಾಯು’ವೆಂದು ಬಗೆದು, ಓಮದ ಕಷಾಯ ಕುಡಿಸಿ, ಬೆಳಗಾಗಲೆಂದು ಕಾಯುವ ಮನೆಗಳು ಕಡಮೆಯಲ್ಲ. ಆದರೆ ಧಮನಿಯು ಪೂರ್ಣವಾಗಿ ಮುಚ್ಚಿದರೆ ಸುಮಾರು 6 ಗಂಟೆಗಳಲ್ಲಿಯೇ ಕರುಳಿನ ಗೋಡೆಯು ಸರಿಪಡಿಸಲಾಗದಷ್ಟು ಹಾಳಾಗಬಹುದು.

ರಕ್ತವು ಮರಳಿ ಹರಿದೊಡನೆ ಅಪಾಯ ಕಳೆಯಿತೆಂದೂ ಭಾವಿಸುವಂತಿಲ್ಲ. ಬರದಲ್ಲಿ ಬಿರಿದ ಕೆರೆಯ ಏರಿಗೆ ಒಮ್ಮೆಲೇ ನೆರೆ ನುಗ್ಗಿದಂತೆ, ಮರಳಿದ ರಕ್ತವೂ ಹಾನಿಯನ್ನುಂಟುಮಾಡುತ್ತದೆ. ಅದರೊಡನೆ ಬಂದ ಆಮ್ಲಜನಕದ ಒಂದಂಶವು ಉಗ್ರ ಕಣಗಳಾಗಿ ಮಾರ್ಪಟ್ಟು ಒಳಪೊರೆಯನ್ನು ಕೆಡಿಸುವುದನ್ನು ಗ್ರೇಂಜರ್ ಮತ್ತು ಸಂಗಡಿಗರು 1981ರಲ್ಲಿ ಬೆಕ್ಕಿನ ಕರುಳಿನ ಮೇಲಣ ಪ್ರಯೋಗಗಳಿಂದ ಎತ್ತಿತೋರಿಸಿದರು. ಒಳಪೊರೆ ಶಿಥಿಲವಾದರೆ ಬ್ಯಾಕ್ಟೀರಿಯಗಳೂ ಅವುಗಳ ವಿಷವೂ ರಕ್ತವನ್ನು ಸೇರಿ, ಶ್ವಾಸಕೋಶ ಮತ್ತು ಮೂತ್ರಪಿಂಡಗಳು ಕೂಡ ಸೊರಗುತ್ತವೆ.

ಈ ಎರಡನೆಯ ಹಾನಿಯನ್ನು ತಡೆಯುವ ಅನೇಕ ಔಷಧಗಳು ಪ್ರಾಣಿಗಳಲ್ಲಿ ಫಲ ನೀಡಿವೆ. ರೋಗಿಗಳ ಚಿಕಿತ್ಸೆಯಲ್ಲಿ ಮಾತ್ರ ಅವುಗಳಲ್ಲಿ ಯಾವುದೂ ಇನ್ನೂ ಸ್ಥಿರವಾದ ಸ್ಥಾನ ಪಡೆದಿಲ್ಲ. ಸಂಶೋಧನೆ ನಡೆಯಲೇಬೇಕು, ಆದರೆ ಇಂದು ಕೈಯಲ್ಲಿರುವ ದೊಡ್ಡ ರಕ್ಷಣೆಯೆಂದರೆ ರಕ್ತ ನಿಂತ ಅವಧಿಯನ್ನು ಕುಗ್ಗಿಸುವುದೇ. ಸಂಶಯ ಬಂದೊಡನೆ ಧಮನಿಗಳನ್ನು ತೋರಿಸುವ ಸಿ.ಟಿ. ಪರೀಕ್ಷೆ, ನಾಳದ ಮೂಲಕ ದ್ರವ, ಹೆಪ್ಪು ತೆಗೆಯುವ ಚಿಕಿತ್ಸೆ, ಅಗತ್ಯವಿದ್ದಲ್ಲಿ 24ರಿಂದ 48 ಗಂಟೆಗಳೊಳಗೆ ಮತ್ತೊಮ್ಮೆ ಹೊಟ್ಟೆ ತೆರೆದು ಕರುಳನ್ನು ನೋಡುವುದು: ಇವೇ ಕರುಳನ್ನುಳಿಸುವ ಮಾರ್ಗಗಳು.

ತಡೆಯುವ ಹೊಣೆ ರೋಗಿಗೂ ಉಂಟು. ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡ ಹೃದಯದ ಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಜೋಡಿಸಲಾಯಿತು. ಅಂತಹ ಯಾಂತ್ರಿಕ ಕವಾಟವುಳ್ಳವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪರ್ಯಂತ ಸೇವಿಸಬೇಕು. ವೈದ್ಯರ ಅನುಮತಿಯಿಲ್ಲದೆ ಬಿಡಲಾಗದು. ಹೃದ್ರೋಗವಿದ್ದವರಿಗೆ ಹಠಾತ್ತನೆ ಉಗ್ರವಾದ ಹೊಟ್ಟೆನೋವು ಬಂದಾಗ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಧಾವಿಸುವುದೇ ವಿವೇಕ. ಎದೆನೋವಿಗೆ ಹೆದರುವಷ್ಟು ಜನರು ಇಂತಹ ಹೊಟ್ಟೆನೋವಿಗೂ ಹೆದರಿದರೆ ಅನೇಕ ಜೀವಗಳು ಉಳಿದಾವು.