ಮಂಡಿ ಹೇಳಿದ ಚಾಡಿ

ಡಾಕ್ಟರ ಮುಂದೆ ಕುಳಿತಾಗ ನಮ್ಮ ತಾಯಿಯವರ ಉತ್ತರ ಯಾವಾಗಲೂ ಒಂದೇ: "ಪರವಾಗಿಲ್ಲ ಡಾಕ್ಟರೇ, ಹೇಗೋ ನಡೆಯುತ್ತಿದೆ." ಆ ಐದು ನಿಮಿಷದ ಭೇಟಿಗಾಗಿ ಅವರು ಹಲ್ಲು ಕಚ್ಚಿ ನೆಟ್ಟಗೆ ನಡೆದು ತೋರಿಸುತ್ತಿದ್ದರು. ಓದುಗರ ಮನೆಗಳಲ್ಲಿಯೂ ಇಂತಹ ತಾಯಂದಿರು ಇದ್ದಾರು. ಮಂಡಿಯ ಮೃದ್ವಸ್ಥಿ ಸವೆದುದನ್ನು ಎಕ್ಸ್‌ರೇ ಸೂಚಿಸುತ್ತಿತ್ತು. ಆದರೆ ಸವೆತವೆಷ್ಟೋ ನೋವೂ ಅಷ್ಟೇ ಎಂಬ ನಿಯಮ ಈ ಸಂಧಿವಾತದಲ್ಲಿಲ್ಲ.

ಈ ಸಲ ಡಾಕ್ಟರು ಎರಡು ಪುಟ್ಟ ಸಂವೇದಕಗಳನ್ನು ಕೊಟ್ಟು, ಒಂದನ್ನು ತೊಡೆಗೂ ಇನ್ನೊಂದನ್ನು ಮಂಡಿಯ ಕೆಳಗೂ ಪಟ್ಟಿಯಿಂದ ಬಿಗಿದು, ಒಂದು ವಾರ ಮನೆಯಲ್ಲಿ ಧರಿಸಿರಬೇಕೆಂದರು. ಪ್ರತಿಯೊಂದರೊಳಗೂ ವೇಗದ ಏರಿಳಿತವನ್ನು ಅಳೆಯುವ ಆಕ್ಸೆಲರೋಮೀಟರ್, ಹೊರಳಿಕೆಯನ್ನು ಅಳೆಯುವ ಗೈರೋಸ್ಕೋಪ್ ಇರುತ್ತವೆ. ತೊಡೆಯ ಓರೆಗೂ ಕೆಳಗಿನ ಕಾಲಿನ ಓರೆಗೂ ಇರುವ ವ್ಯತ್ಯಾಸವೇ ಮಂಡಿ ಬಾಗಿದ ಕೋನ. ಸಮನೆಲದ ನಡಿಗೆಗೆ ಮಂಡಿ ಸುಮಾರು 60 ಡಿಗ್ರಿ ಬಾಗಬೇಕು. ಕುರ್ಚಿಯಿಂದ ಏಳಲು ಸುಮಾರು 90. ನೆಲದ ಮೇಲೆ ಕುಳಿತೇಳಲು ಇನ್ನೂ ಹೆಚ್ಚು. ಲೆಕ್ಕವೆಲ್ಲ ಮೊಬೈಲಿಗೆ ತಾನಾಗಿ ಸೇರುತ್ತದೆ.

ವಾರದ ಲೆಕ್ಕ ನೋಡಿ ನಾನು ನಾಚಿದೆ. ತಾಯಿಯವರು ಮೆಟ್ಟಿಲನ್ನು ಒಮ್ಮೆಯೂ ಹತ್ತಿರಲಿಲ್ಲ. ನೆಲದ ಮೇಲೆ ಒಮ್ಮೆಯೂ ಕುಳಿತಿರಲಿಲ್ಲ. "ದೇವರು ಮನೆಯಲ್ಲಿಯೂ ಇದ್ದಾನೆ" ಎಂದು ಅವರು ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟಾಗ ನಾನದನ್ನು ವೇದಾಂತವೆಂದು ಮೆಚ್ಚಿಕೊಂಡಿದ್ದೆ. ಅದು ವೇದಾಂತವಾಗಿರಲಿಲ್ಲ; ದೇವಸ್ಥಾನದ 12 ಮೆಟ್ಟಿಲುಗಳಾಗಿದ್ದುವು.

ಹಾಗೆಂದು ಯಂತ್ರವನ್ನೂ ಪೂರ್ತಿ ನಂಬುವಂತಿಲ್ಲ. ಶನಿವಾರ ಹೆಜ್ಜೆಗಳು ದುಪ್ಪಟ್ಟಾಗಿದ್ದುವು. ಗುಣವಾಗುತ್ತಿದೆಯೆಂದು ನಾವು ಹಿಗ್ಗಿದೆವು. ಅಂದು ತಂಗಿ ಮಕ್ಕಳೊಡನೆ ಬಂದಿದ್ದಳು. ತಾಯಿಯವರು ಹಗಲೆಲ್ಲ ಓಡಾಡಿ, ರಾತ್ರಿಯನ್ನು ನಿದ್ದೆಯಿಲ್ಲದೆ ಕಳೆದಿದ್ದರು. ಸಂವೇದಕ ಚಲನೆಯನ್ನು ಅಳೆಯುತ್ತದೆ, ನೋವನ್ನಲ್ಲ. ಪಟ್ಟಿ ಜಾರಿದರೆ ಕೋನವೂ ತಪ್ಪುತ್ತದೆ. ಆದುದರಿಂದ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ದಿನವೂ ಬರೆದಿಡಬೇಕೆಂದು ಡಾಕ್ಟರು ಹೇಳಿದರು. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಗೊತ್ತುಮಾಡಿದರು. ಸವೆದ ಮೃದ್ವಸ್ಥಿ ಅದರಿಂದ ಮರಳಿ ಬರುವುದಿಲ್ಲ. ಆದರೆ ನೋವು ತಗ್ಗುವುದುಂಟು, ನಡಿಗೆ ಸುಧಾರಿಸುವುದುಂಟು.

ಈಗ ರಾತ್ರಿ ಊಟವಾದ ಮೇಲೆ ಅಂಕ ಕೇಳಿ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ. ಮೊದಲ ದಿನ ತಾಯಿಯವರು "ಎರಡು" ಎಂದರು. ನಾನು ಬರೆಯದೆ ಸುಮ್ಮನೆ ಕುಳಿತೆ.

"ಹೋಗಲಿ, ಏಳು ಅಂತ ಬರಿಯಪ್ಪ. ಹೇಗೂ ನಿನ್ನ ಯಂತ್ರ ಚಾಡಿ ಹೇಳುತ್ತದೆ" ಎಂದು ನಕ್ಕರು.

ಎಷ್ಟೋ ವರ್ಷಗಳಿಂದ ವಿದ್ಯಾರ್ಥಿಗಳಿಗೆ ಅಂಕ ಹಾಕುತ್ತ ಬಂದಿದ್ದೇನೆ. ಒಂದು ಅಂಕ ಬರೆಯಲು ಕೈ ಹಿಂದೆಗೆದುದು ಅದೇ ಮೊದಲು.